ದೇವರ ಗುಡ್ಡ ಹತ್ತಿದ ಕಾಲು ಬದಾಮಿ ಗುಡ್ಡ ಯಾಕ ಹತ್ತಬಾರದು?

ಹ್ವಾದ ವಾರ ನಳಕ್ಕ ನೀರ ಬಂದಾಗ ಕೊಡ ಹಚ್ಚಿ ನಿಂತು ಮಾತ ತಗದೆ: "ಎಲ್ಲಾರೂ ಕೂಡಿ ಬದಾಮಿಗೆ ಹೋಗೂಣೇನ್ರಿ? ಮೇಣಬಸದಿ ನೋಡಿ, ಕ್ವಾಟಿ ಗುಡ್ಡ ಹತ್ತಿ ಬರೂಣು." ಒಬ್ಬ ವೈನಿ ನಕ್ಕಬಿಟ್ರು. "ಕಲ್ಲ ನೋಡಾಕ ರೊಕ್ಕಾ ಹಾಳ ಮಾಡೂದಾ? ಬನಶಂಕರಿಗಾದ್ರ ಬರತೇನಿ, ಪುಣ್ಯೇನರ ಬರತೈತಿ."

ಆ ಮಾತ ಮನಸಿನ್ಯಾಗ ಉಳದೈತಿ. ಯಲ್ಲಮ್ಮನ ಗುಡ್ಡಕ್ಕ ಪಡ್ಡಲಗಿ ಹೊತ್ತು ಹೋಗತೇವಿ. ತಲಿ ಮ್ಯಾಲ ಮೇವಿನ ಹೊರಿ ಹೊತ್ತು ಹರದಾರಿ ನಡದೇವಿ. ಅವಾಗ ಯಾರೂ ಖರ್ಚ ಕೇಳೂದಿಲ್ಲ, ಕಾಲ ನೋವಾದೀತು ಅನ್ನೂದಿಲ್ಲ. ನಮ್ಮ ಕಣ್ಣಿಗೆ ಒಂದಿಷ್ಟ ಚಂದ ನೋಡತೇವಿ ಅಂದಕೂಡಲೇ ಲೆಕ್ಕದ ಬುಕ್ಕ ಹೊರಗ ಬರತೈತಿ.

ಹಂಗಾರ ಲೆಕ್ಕಾನ ಹಾಕೂಣು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದೈತಿ. ಸರಕಾರಿ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿನ್ಯಾಗ ನಮಗ ತಿಕೀಟಿಲ್ಲ, ಆಧಾರ ಕಾರ್ಡ ಇದ್ರ ಸಾಕು. ಲೋಕಾಪುರ, ಬಾಗಲಕೋಟಿ ಮ್ಯಾಲೆ ಬಸ್ ಬದಲ ಮಾಡಕೋತ ಹೋಗೂದು. ಮೇಣಬಸದಿಗೆ ತಿಕೀಟ 25 ರೂಪಾಯಿ, 15 ವರ್ಷದ ಒಳಗಿನ ಹುಡುಗರಿಗೆ ಪುಕ್ಕಟ. ಮುಂಜಾನಿ ಬುತ್ತಿ ಮನಿದು: ಕಟಕ ರೊಟ್ಟಿ, ಶೇಂಗಾ ಚಟ್ನಿ. ಮಧ್ಯಾಹ್ನ ಬನಶಂಕರಿ ಗುಡಿ ಮುಂದ ಬುಟ್ಟಿ ಹೊತ್ತು ಬರೂ ಹೆಣಮಕ್ಕಳ ಕೈಯಾಗ ರೊಟ್ಟಿ, ಪಲ್ಯ, ಗಡಿಗಿ ಮೊಸರು ಉಣ್ಣೂಣು. ವೈನಿಯವರ ಪುಣ್ಯಾನೂ ಅಲ್ಲೇ ಆತು, ರೊಕ್ಕಾನೂ ನಮ್ಮಂಥಾ ಹೆಣಮಕ್ಕಳಿಗೇ ಮುಟ್ಟತೈತಿ. ಒಬ್ಬಾಕಿಗೆ 200 ರೂಪಾಯಿ ಇಟಗೊಂಡ್ರ ಆಟೋ, ಚಾ ಎಲ್ಲಾ ಸೇರಿ ಉಳೀತಾವು.

ಖರೇ ಖರ್ಚ ಬ್ಯಾರೇನ ಐತಿ. ಕೂಲಿಗೆ ಹೋಗೂ ಅಕ್ಕನ ಮಂದಿಗೆ ಬಸ್ ಪುಕ್ಕಟ ಇದ್ರೂ ಒಂದ ದಿನದ ಪಗಾರ ಹೋಗತೈತಿ. ಅದಕ್ಕ ಹ್ವಲದ ಕೆಲಸ ಇಲ್ಲದ ಅಮಾಸಿ ದಿನಾನ ಹಿಡಿಯೂಣು. ಉಳದವರಿಗೆ "ಮನಿ ಯಾರ ನೋಡಕೊಳ್ಳಾವರು?" ಅನ್ನೂದ ದೊಡ್ಡ ಖರ್ಚು. ಒಂದ ದಿನ ಗಂಡಸರು ಅನ್ನಾ ಇಟಗೊಂಡ್ರ, ಎಮ್ಮಿ ಹಿಂಡಿದ್ರ ಮನಿ ಏನ್ ಬೀಳೂದಿಲ್ಲ. ಬದಾಮಿ ಗುಡಿಗೋಳು ಸಾವಿರದ ಮ್ಯಾಲ ವರ್ಷ ನಿಂತಾವು.

ನಾ ಇಷ್ಟ ಹಟ ಹಿಡದದ್ದು ನಮ್ಮವ್ವನ ಸಲವಾಗಿ. ಅಕಿ ಬನದ ಹುಣ್ಣಿವಿ ಜಾತ್ರಿಗೆ ಐದಾರು ಸಲ ಬನಶಂಕರಿಗೆ ಹೋಗ್ಯಾಳ. ಬದಾಮಿ ಗುಡ್ಡಾನ ಮಾತ್ರ ಬಸ್ಸಿನ ಕಿಡಕ್ಯಾಗಿಂದ ನೋಡ್ಯಾಳ. ಈಗ ಎರಡೂ ಮೊಣಕಾಲು ಹೋಗ್ಯಾವು. ಬೀಸುಕಲ್ಲಿನ ಮುಂದ ಕುಂತು ಅಕಿ ಹಾಡತಿದ್ದ ಪದಾ ಎಲ್ಲಾ ತ್ರಿಪದಿ. ಬದಾಮಿ ಕೆರಿ ದಂಡಿಯ ಬಂಡಿಗಲ್ಲಿನ ಮ್ಯಾಲ ಕಪ್ಪೆ ಅರಭಟ್ಟನ ಶಾಸನ ಐತಿ, ಸುಮಾರು 700ನೇ ಇಸವಿದು. ಕನ್ನಡದಾಗ ಸಿಕ್ಕ ಹಳೇ ತ್ರಿಪದಿ ಅದರಾಗ ಐತಿ ಅಂತಾರ ತಿಳದವರು. ಅವ್ವಗ ಇದನ್ನ ಹೇಳಿದೆ. ಸುಮ್ಮ ಕುಂತಳು. ಆಮ್ಯಾಲ ಅಂದಳು: "ಕಾಲ ಗಟ್ಟಿ ಇದ್ದಾಗ ಯಾರರ ಹೇಳಬಾರದಿತ್ತೇನ?"

ಅದಕ್ಕ ಹೇಳತೇನಿ, ಕಾಲ ಗಟ್ಟಿ ಇದ್ದಾಗ ಹೋಗೂಣು. ದೀಪಾವಳಿಯಿಂದ ಸಂಕ್ರಾಂತಿತನಕ ಚಲೋ ಹವಾ. ಬ್ಯಾಸಿಗ್ಯಾಗ ಕೆಂಪ ಬಂಡಿ ಕಾದ ಹಂಚ ಆಗತೈತಿ, ಮಳಿಗಾಲದಾಗ ಜಾರತೈತಿ. ಮುಂಜಾನಿ ಮೊದಲ ಬಸ್ ಹಿಡದು, ವಾಪಸ್ ಕಡೀ ಬಸ್ ಯಾವಾಗ ಐತಿ ಅಂತ ಇಳದಕೂಡಲೇ ಕೇಳಬೇಕು. ಮ್ಯೂಸಿಯಂ ಬಾಜೂಕ ಎರಡ ದೊಡ್ಡ ಬಂಡಿ ನಡುವಿನ ಸಂದ್ಯಾಗ ಪಾವಟಿಗಿ ಹತ್ತಿದ್ರ ಕ್ವಾಟಿ, ಕಾಳ ಇಡೂ ಹಗೇವದಂಥಾ ಗುಂಡಗಿನ ಕಟ್ಟಡ, ಮ್ಯಾಲಿನ ಶಿವಾಲಯ. ಅಲ್ಲಿ ಕುಂತು ನೋಡಿದ್ರ ಇಡೀ ಅಗಸ್ತ್ಯ ತೀರ್ಥ ಕಣ್ಣ ಮುಂದ. ಮೂರನೇ ಮೇಣಬಸದಿ ಬಿಡಬ್ಯಾಡ್ರಿ, ಮಂಗಳೇಶ 578ರಾಗ ಮಾಡಿಸಿದ್ದು. ಹಿಂದ ಪಟ್ಟಿ ಇರೂ ಚಪ್ಪಲಿ ಹಾಕ್ಕೋರಿ, ನೀರ ಒಬ್ಬಾಕಿಗೆ ಎರಡ ಬಾಟ್ಲಿ. ಬುತ್ತಿ ಚೀಲದ ಒಳಗ ಇರಲಿ, ಮಂಗ್ಯಾ ಕೈಯಾಗಿಂದ ಕಸಗೋತಾವು.

ಹೋಗಿ ಬಂದ ಮ್ಯಾಲ ಆ ಶಾಸನದ ಫೋಟೋ ಅವ್ವಗ ತೋರಸೂದೈತಿ. ಬರಾವರು ನಳದ ಹತ್ತರ ಹೆಸರ ಹೇಳ್ರಿ. ವೈನೀ, ನಿಮ್ಮ ಹೆಸರು ನಾನ ಬರದೇನಿ.