ಮರಡಿ ನೆಲಕ್ಕೆ ಹುಲ್ಲೇ ಬೆಳೆ

ತಾಳವಾಡಿ ಬೆಟ್ಟದ ಸೀಮೆಯಲ್ಲಿ ಊರಿಗೊಂದು ಮರಡಿ ಇದ್ದೇ ಇರುತ್ತದೆ. ಕೆಂಪು ಗರಸು, ಅಲ್ಲಲ್ಲಿ ಬಿಳಿಯ ಬೆಣಚುಕಲ್ಲು, ನಡುನಡುವೆ ಜಾಲಿ, ತಂಗಡಿ, ಬಂದರೆ ಗಿಡ. ಹಿರಿಯರು ಇಂಥ ನೆಲವನ್ನು ದನಕರುಗಳಿಗೆಂದು ಬಿಟ್ಟಿದ್ದರು. ಬಹಳವೆಂದರೆ ಒಂದು ಹುರುಳಿ ಚೆಲ್ಲುತ್ತಿದ್ದರು. ಈಗ ಟ್ರ್ಯಾಕ್ಟರು ಬಂದಿದೆ, ಕೊಳವೆ ಬಾವಿ ಬಂದಿದೆ, ಕೋಸು ಟೊಮೇಟೊಗಳ ಬೆಲೆ ಒಂದು ವರ್ಷ ಏರಿದರೆ ಮರುವರ್ಷ ಮರಡಿಗೂ ನೇಗಿಲು ಹತ್ತುತ್ತದೆ. ಇದು ಲಾಭದ ದಾರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಮರಡಿ ಕೆಟ್ಟ ನೆಲವೆಂದು ನಾವು ಹೇಳುವುದಿಲ್ಲ. ಅದು ಹುಲ್ಲಿನ ನೆಲ. ಹುಲ್ಲಿಗೆ ಬಿಟ್ಟರೆ ಅದರಷ್ಟು ಉಪಕಾರಿ ಬೇರೊಂದಿಲ್ಲ; ತರಕಾರಿಗೆ ಉತ್ತರೆ ಕೆಲವೇ ವರ್ಷಗಳಲ್ಲಿ ಅದು ಯಾವುದಕ್ಕೂ ಬಾರದಂತಾಗುತ್ತದೆ.

ಗರಸು ಮಣ್ಣಿನ ಗುಣ

ಬೆಟ್ಟದ ಗಟ್ಟಿ ಶಿಲೆ ಬಿಸಿಲು ಮಳೆಗಳಿಗೆ ಸಿಕ್ಕಿ ಸಾವಿರಾರು ವರ್ಷಗಳಲ್ಲಿ ಪುಡಿಯಾಗಿ ಮಣ್ಣಾಗುತ್ತದೆ. ಅದರೊಳಗಿನ ಬೆಣಚು ಮಾತ್ರ ಸುಲಭವಾಗಿ ಕರಗದೆ ಹರಳಾಗಿ ಉಳಿಯುತ್ತದೆ. ಇಳಿಜಾರಿನಲ್ಲಿ ನಯವಾದ ಮಣ್ಣು ನೀರಿನೊಡನೆ ಪಳ್ಳಕ್ಕೆ ಇಳಿಯುತ್ತದೆ, ಕಲ್ಲು ಮೇಲೆ ನಿಲ್ಲುತ್ತದೆ. ಆದುದರಿಂದಲೇ ಪಳ್ಳದ ಹೊಲದಲ್ಲಿ ಆಳವಾದ ಮಣ್ಣು, ಮರಡಿಯಲ್ಲಿ ತೆಳುವಾದ ಗರಸು. ಮಣ್ಣನ್ನು ಅಳೆಯುವ ತಜ್ಞರು 25 ಸೆಂಟಿಮೀಟರಿಗಿಂತ, ಅಂದರೆ ಸುಮಾರು ಒಂದು ಗೇಣಿಗಿಂತ ಕಡಿಮೆ ಆಳವಿದ್ದರೆ ಅತಿ ತೆಳು ಮಣ್ಣೆಂದೂ, 25ರಿಂದ 50 ಸೆಂಟಿಮೀಟರಿನವರೆಗೆ ಇದ್ದರೆ ತೆಳು ಮಣ್ಣೆಂದೂ ಕರೆಯುತ್ತಾರೆ. ಎರಡು ಮಿಲಿಮೀಟರಿಗಿಂತ ದಪ್ಪನಾದ ಹರಳು ಅವರ ಲೆಕ್ಕದಲ್ಲಿ ಮಣ್ಣಲ್ಲ, ಗರಸು.

ಇಂಥ ಮಣ್ಣಿನ ದೊಡ್ಡ ಕೊರತೆ ನೀರನ್ನು ಹಿಡಿದಿಡಲಾರದಿರುವುದು. ಕಲ್ಲಿಲ್ಲದ ಮರಳುಮಿಶ್ರಿತ ಕೆಂಪು ಮಣ್ಣು ಒಂದು ಗೇಣು ಆಳವಿದ್ದರೆ ಬೆಳೆಗೆ ಒದಗಿಸಬಲ್ಲ ನೀರು ಸುಮಾರು 25 ಮಿಲಿಮೀಟರು. ಅದರಲ್ಲಿ ಅರ್ಧ ಜಾಗವನ್ನು ಕಲ್ಲೇ ತಿಂದರೆ ಉಳಿಯುವುದು 12 ಮಿಲಿಮೀಟರು. ತುಂಬಿ ಬೆಳೆದ ಪೈರು ಬಿಸಿಲಿನ ದಿನದಲ್ಲಿ 4ರಿಂದ 5 ಮಿಲಿಮೀಟರು ನೀರು ಕುಡಿಯುತ್ತದೆ. ಅಂದರೆ ಮಳೆ ನಿಂತ ಮೂರನೆಯ ದಿನಕ್ಕೆ ಪೈರು ಬಾಡತಕ್ಕದ್ದೇ. ಪಳ್ಳದ ಆಳವಾದ ಎರೆಮಣ್ಣಿನಲ್ಲಿ ಅದೇ ಪೈರು ಎರಡು ಮೂರು ವಾರ ಮಳೆಯ ದಾರಿ ಕಾಯಬಲ್ಲದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬೇರಿಗೂ ಸಲ್ಲುತ್ತದೆ.

ಕೊಳವೆ ಬಾವಿಯಿಂದ ನೀರು ಕೊಟ್ಟರಾಯಿತೆಂದು ಕೆಲವರು ಹೇಳಬಹುದು. ಆದರೆ ಗರಸಿನಲ್ಲಿ ದಿನ ಬಿಟ್ಟು ದಿನ ನೀರು ಬೇಕು. ಕೊಟ್ಟ ನೀರು ಬೇರನ್ನು ದಾಟಿ ಕೆಳಗಿಳಿಯುವಾಗ ಯೂರಿಯಾದ ಸತ್ವವನ್ನೂ ಒಯ್ಯುತ್ತದೆ. ಎರೆಹೊಲಕ್ಕಿಂತ ಹೆಚ್ಚು ನೀರು, ಹೆಚ್ಚು ಗೊಬ್ಬರ, ಹೆಚ್ಚು ಸಾಲ ಬೇಕಾಗುತ್ತದೆ. ಬೆಳೆ ಮಾತ್ರ ಹೆಚ್ಚು ಬರುವುದಿಲ್ಲ.

ಉತ್ತ ಮರಡಿಯಲ್ಲಿ ವರ್ಷ ವರ್ಷಕ್ಕೆ ಕಲ್ಲು ಹುಟ್ಟುತ್ತದೆಂದು ರೈತರು ಹೇಳುವುದುಂಟು. ವಾಸ್ತವವಾಗಿ ಅಲ್ಲಿ ಕಲ್ಲು ಹುಟ್ಟುತ್ತಿಲ್ಲ, ಮಣ್ಣು ಹೋಗುತ್ತಿದೆ. ಒಂದು ಅಂಗುಲ ಮಳೆ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು ಬಿದ್ದಂತಾಯಿತು. ಭರಣಿ, ಕೃತ್ತಿಕೆಯ ಗುಡುಗು ಮಳೆ ಅಷ್ಟನ್ನು ಒಂದು ಗಳಿಗೆಯಲ್ಲಿ ಸುರಿಯುತ್ತದೆ. ನೆಲದ ಮೇಲೆ ಹುಲ್ಲೂ ಹರಳೂ ಇದ್ದರೆ ಹನಿಯ ಪೆಟ್ಟನ್ನು ಅವು ತಾಳಿಕೊಂಡು ನೀರನ್ನು ಮೆಲ್ಲಗೆ ಇಂಗಿಸುತ್ತವೆ. ಹರಳಿನ ಹೊದಿಕೆ ಬಿಸಿಲಿನಲ್ಲಿ ತೇವ ಆರದಂತೆಯೂ ಕಾಯುತ್ತದೆ. ಆ ಹುಲ್ಲನ್ನು ಕಿತ್ತು, ಹರಳನ್ನು ಆರಿಸಿ ಬದುವಿಗೆ ಹಾಕಿ, ಬರಿಯ ಮಣ್ಣನ್ನು ಮಳೆಗೆ ಒಡ್ಡಿದರೆ ಅದು ಹಳ್ಳ ಸೇರದೆ ಇನ್ನೇನು? ಹಾಗೆ ಹೋದ ಒಂದು ಅಂಗುಲ ಮಣ್ಣು ಮತ್ತೆ ಹುಟ್ಟಬೇಕಾದರೆ ನೂರಾರು ವರ್ಷ ಬೇಕು.

ಕಾರ್ಡು ಹೇಳದ ಮಾತು

2015ರಿಂದ ಸರ್ಕಾರದವರು ರೈತರಿಗೆ ಮಣ್ಣಿನ ಆರೋಗ್ಯದ ಕಾರ್ಡು ಕೊಡುತ್ತಿದ್ದಾರೆ. ಒಳ್ಳೆಯ ಕೆಲಸವೇ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನು ಮೊದಲಾದ 12 ಗುಣಗಳ ಲೆಕ್ಕ ಅದರಲ್ಲಿದೆ. ಆದರೆ ಆ ಹನ್ನೆರಡರಲ್ಲಿ ಮಣ್ಣಿನ ಆಳವಿಲ್ಲ, ಕಲ್ಲಿನ ಪ್ರಮಾಣವೂ ಇಲ್ಲ. ಅಲ್ಲದೆ ಪರೀಕ್ಷೆಯ ಶಾಲೆಯಲ್ಲಿ ಮಣ್ಣನ್ನು ಮೊದಲು ಎರಡು ಮಿಲಿಮೀಟರಿನ ಜರಡಿಯಲ್ಲಿ ಆಡಿಸಿ, ಕಲ್ಲನ್ನು ಆಚೆ ಎಸೆದು, ಉಳಿದ ನಯವಾದ ಮಣ್ಣನ್ನೇ ಪರೀಕ್ಷಿಸುತ್ತಾರೆ. ಎಲ್ಲ ದೇಶಗಳಲ್ಲಿಯೂ ಇದೇ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಪರಿಣಾಮವೇನೆಂದರೆ, ಹತ್ತು ಕಿಲೋ ಮಣ್ಣಿನಲ್ಲಿ ಐದು ಕಿಲೋ ಕಲ್ಲಿರುವ ಮರಡಿಯ ಕಾರ್ಡೂ ಕಲ್ಲೇ ಇಲ್ಲದ ಪಳ್ಳದ ಕಾರ್ಡೂ ಒಂದೇ ರೀತಿ ಕಾಣಬಹುದು. ಕಾರ್ಡಿನಲ್ಲಿ ‘ಮಧ್ಯಮ’ ಎಂದು ಬರೆದ ಸತ್ವ ಮರಡಿಯಲ್ಲಿ ಅರ್ಧ ತೂಕದ ಮಣ್ಣಿಗೆ ಮಾತ್ರ ಸಲ್ಲುತ್ತದೆ. ಇದನ್ನು ತಿಳಿಯದೆ ಕಾರ್ಡು ನಂಬಿ ಸಾಲ ಮಾಡಿದವರು ನಷ್ಟಕ್ಕೆ ಗುರಿಯಾಗುತ್ತಾರೆ.

ಗಡಿಯ ಈಚೆಗೆ, ಕರ್ನಾಟಕದ ಸುಜಲಾ ಯೋಜನೆಯ ಮೂರನೆಯ ಹಂತದಲ್ಲಿ, ಚಾಮರಾಜನಗರವೂ ಸೇರಿ 11 ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ ಗುಂಡಿ ತೋಡಿ ಆಳ, ಕಲ್ಲು, ಇಳಿಜಾರುಗಳನ್ನು ಅಳೆದು ನಕ್ಷೆ ಮಾಡಲಾಯಿತು. ಯಾವ ಸರ್ವೆ ನಂಬರಿನ ನೆಲ ಯಾವ ಬೆಳೆಗೆ ತಕ್ಕದ್ದೆಂದು ಅದರಿಂದ ಹೇಳಬಹುದು. ರಾಜ್ಯದ ಗಡಿಗೆ ಮಣ್ಣು ನಿಲ್ಲುವುದಿಲ್ಲ. ಚಾಮರಾಜನಗರದ ಗರಸೇ ತಾಳವಾಡಿಯಲ್ಲಿಯೂ ಇದೆ. ಅಂಥ ನಕ್ಷೆಯನ್ನು ತಾಳವಾಡಿಯ ಗ್ರಾಮಸಭೆಗಳು ಈರೋಡು ಜಿಲ್ಲೆಯ ಕೃಷಿ ಇಲಾಖೆಯವರಿಂದ ಕೇಳಿ ಪಡೆಯಬೇಕು.

ಅಷ್ಟರವರೆಗೆ ನಮ್ಮ ಕೈಯಲ್ಲೇ ಉಪಾಯವಿದೆ. ಹೊಲದ ನಾಲ್ಕು ಕಡೆ ಹಾರೆಯಿಂದ ಗುಂಡಿ ತೋಡಿ. ಎಷ್ಟು ಗೇಣಿಗೆ ಹಾರೆ ಕಲ್ಲಿಗೆ ತಾಗಿತೆಂದು ನೋಡಿ. ಒಣಗಿದ ಮಣ್ಣು ಹತ್ತು ಕಿಲೋ ತೂಗಿ ಸಣ್ಣ ಕಣ್ಣಿನ ಜರಡಿಯಲ್ಲಿ ಆಡಿಸಿ, ಉಳಿದ ಕಲ್ಲನ್ನು ತೂಗಿ. ಆಳ ಒಂದು ಗೇಣಿಗೆ ಕಡಿಮೆ, ಅಥವಾ ಕಲ್ಲು ಐದು ಕಿಲೋವಿಗೆ ಹತ್ತಿರ ಎಂದಾದರೆ ಅಲ್ಲಿಗೆ ನೇಗಿಲು ಒಯ್ಯಬೇಡಿ.

ಕೆಳಸೀಮೆಯ ಪಾಠ

ಮರಡಿಯನ್ನು ಹುಲ್ಲಿಗೆ ಬಿಟ್ಟು ಬದುಕುವುದು ಹೇಗೆಂದು ಕೇಳುವವರು ದಿಂಬಂ ಘಾಟಿ ಇಳಿದು ಕಾಂಗೇಯಂ ಸೀಮೆಯನ್ನು ನೋಡಬೇಕು. 2009ರಲ್ಲಿ ತಿರುಪ್ಪೂರು ಜಿಲ್ಲೆಗೆ ಸೇರುವ ತನಕ ಅದು ಈರೋಡು ಜಿಲ್ಲೆಯೇ ಆಗಿತ್ತು. ಅಲ್ಲಿಯೂ ಮಳೆ ಕಡಿಮೆ, ನೆಲ ಗರಸು. ಆದರೂ ಹೆಸರುವಾಸಿಯಾದ ಕಾಂಗೇಯಂ ಎತ್ತುಗಳು ಹುಟ್ಟಿದ್ದು ಆ ನೆಲದಲ್ಲೇ. ಅಲ್ಲಿನವರು ‘ಕೊರಂಗಾಡು’ ಎಂಬ ಸ್ವಂತ ಹುಲ್ಲುಗಾವಲುಗಳನ್ನು ಇಟ್ಟುಕೊಂಡಿದ್ದಾರೆ. ಸುತ್ತ ಮುಳ್ಳಿನ ಜೀವಬೇಲಿ, ಒಳಗೆ ನಮ್ಮವರು ಅಂಜನ ಹುಲ್ಲೆನ್ನುವ ಕೊಳುಕ್ಕಟ್ಟೈ ಹುಲ್ಲು, ನಡುವೆ ಬಿಳಿಜಾಲಿ ಮರ. ಕಾವಲನ್ನು ಭಾಗಗಳಾಗಿ ಮಾಡಿ, ಒಂದು ಮೇಯುವಾಗ ಇನ್ನೊಂದಕ್ಕೆ ಬಿಡುವು ಕೊಡುತ್ತಾರೆ. ಹುಲ್ಲು ಒಣಗಿದ ಬೇಸಗೆಯಲ್ಲಿ ಬಿಳಿಜಾಲಿಯ ಕಾಯಿ ಕುರಿ ಮೇಕೆಗಳಿಗೆ ಆಹಾರ.

ತಾಳವಾಡಿಗೆ ಈ ಪಾಠ ಈಗ ಹಿಂದೆಂದಿಗಿಂತಲೂ ಬೇಕಾಗಿದೆ. ಮೊದಲು ಕಾಡಿನ ಅಂಚು ದನಗಳಿಗೆ ಆಸರೆಯಾಗಿತ್ತು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಮಾರ್ಚಿಯಲ್ಲಿ ಮದರಾಸು ಹೈಕೋರ್ಟು ತಮಿಳುನಾಡಿನ ಹುಲಿ ಸಂರಕ್ಷಿತ ಪ್ರದೇಶ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ದನ ಮೇಯಿಸುವುದನ್ನು ನಿಷೇಧಿಸಿತು. ಆ ತೀರ್ಪಿನ ಸರಿತಪ್ಪು ಬೇರೆ ಚರ್ಚೆ. ಕಾಡಿನ ಬಾಗಿಲು ಮುಚ್ಚಿದ ಮೇಲೆ ಮರಡಿಯನ್ನೂ ಉತ್ತುಬಿಟ್ಟರೆ ದನ ಎಲ್ಲಿಗೆ ಹೋಗಬೇಕು? ದನವಿಲ್ಲದ ಮನೆಯಲ್ಲಿ ಗೊಬ್ಬರವಿಲ್ಲ. ಗೊಬ್ಬರವಿಲ್ಲದೆ ಪಳ್ಳದ ಒಳ್ಳೆಯ ಹೊಲವೂ ಸೊರಗುತ್ತದೆ. ದೀಪಾವಳಿಯ ಗೊರೆಹಬ್ಬದಲ್ಲಿ ಸಗಣಿಯ ರಾಶಿಯನ್ನೇ ಹಬ್ಬ ಮಾಡುವ ಗುಮಟಾಪುರದ ಜನರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಮಾಡತಕ್ಕದ್ದು ಕಷ್ಟದ ಕೆಲಸವೇನಲ್ಲ. ದಪ್ಪ ಕಲ್ಲುಗಳನ್ನು ಮಾತ್ರ ಆಯ್ದು ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಸಾಲು ಕಟ್ಟಿ. ಸಣ್ಣ ಹರಳು ನೆಲದ ಮೇಲೆ ಇರಲಿ. ಲಂಟಾನವನ್ನು ಬೇರುಸಹಿತ ಕೀಳಿ. ಮಳೆಗೆ ಮುಂಚೆ ನೆಲವನ್ನು ಮೇಲುಮೇಲಕ್ಕೆ ಕೆರೆದು, ಅಂಜನ ಹುಲ್ಲಿನ ಬೀಜವನ್ನು ಎಕರೆಗೆ ಎರಡರಿಂದ ಎರಡೂವರೆ ಕಿಲೋದಂತೆ ಮರಳಿನೊಡನೆ ಬೆರೆಸಿ ಚೆಲ್ಲಿ. ಜೊತೆಗೆ ಸ್ಟೈಲೋ ಬೀಜವಿದ್ದರೆ ಇನ್ನೂ ಒಳ್ಳೆಯದು. ಅದು ಹುರುಳಿ, ಅವರೆಗಳ ಹಾಗೆ ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಮೊದಲ ವರ್ಷ ದನ ಬಿಡದೆ, ಹುಲ್ಲನ್ನು ಕೊಯ್ದು ಹಾಕಿ. ಗೋಬಿಚೆಟ್ಟಿಪಾಳ್ಯದ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ಬೀಜದ ವಿಚಾರ ಕೇಳಬಹುದು. ಬಾಳೆ, ಕಬ್ಬು, ಕೋಸುಗಳ ಹಾಗೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಆನೆ ಕಾಯುವ ಕಷ್ಟವೂ ಹುಲ್ಲಿಗೆ ಇಲ್ಲ.

ಎರಡೇ ಎಕರೆ ಇದ್ದು, ಎರಡೂ ಮರಡಿಯಾದ ಬಡ ರೈತರಿಗೆ ಎಲ್ಲವನ್ನೂ ಹುಲ್ಲಿಗೆ ಬಿಡಿ ಎನ್ನುವುದು ನ್ಯಾಯವಲ್ಲವೆಂದು ನಾವು ಬಲ್ಲೆವು. ಅಂಥವರು ಮೇಲಿನ ಭಾಗವನ್ನು ಹುಲ್ಲಿಗೆ ಬಿಟ್ಟು, ಕೆಳಗಿನ ಸ್ವಲ್ಪ ಆಳವಾದ ಭಾಗದಲ್ಲಿ ಹುರುಳಿ ಬಿತ್ತಲಿ. ಬದುವಿನ ಬಳಿ ಗುಂಡಿ ತೋಡಿ ಹುಣಸೆ, ನೆಲ್ಲಿ, ಸೀತಾಫಲ ನೆಡಲಿ. ತರಕಾರಿಗೆ ಸಬ್ಸಿಡಿ ಕೊಡುವ ಸರ್ಕಾರ ಹುಲ್ಲಿನ ಬೀಜಕ್ಕೂ ಬೇಲಿಗೂ ಕಲ್ಲಿನ ಸಾಲಿಗೂ ಅಷ್ಟೇ ಧಾರಾಳವಾಗಿ ನೆರವು ಕೊಡಬೇಕು. ಊರಿನ ಗೋಮಾಳದ ಮರಡಿಯನ್ನಂತೂ ಯಾರೂ ಒತ್ತದಂತೆ ಊರವರೇ ಕೂಡಿ ಕಾಯಬೇಕು.

ಮುಂದಿನ ಭರಣಿ ಮಳೆಗೆ ಮೊದಲು ಪ್ರತಿಯೊಬ್ಬ ರೈತನೂ ತನ್ನ ಮರಡಿಯಲ್ಲಿ ನಾಲ್ಕು ಗುಂಡಿ ತೋಡಿ ನೋಡಲಿ. ಬೀಜ, ಗೊಬ್ಬರ, ಸಾಲಗಳ ಮಾತನ್ನು ಆಮೇಲೆ ಆಡಬಹುದು.