ಮದ್ದಿಗೆ ಮಣಿಯದ ರೋಗಾಣು: ನಮ್ಮ ಹೊಣೆ

ಅತಿಯಾದರೆ ಅಮೃತವೂ ವಿಷ ಎಂಬುದು ಹಿರಿಯರ ಮಾತು. ಆಂಟಿಬಯೋಟಿಕ್ ಮದ್ದುಗಳ ವಿಷಯದಲ್ಲಿ ಈ ಮಾತು ನಿಜವಾಗುತ್ತಿದೆ. ಇದರ ಪೆಟ್ಟು ಎಳೆಯ ಮಕ್ಕಳಿಗೂ ತಗಲುತ್ತಿರುವುದು ವಿಷಾದದ ಸಂಗತಿ.

ಮಿದುಳನ್ನು ಸುತ್ತಿರುವ ತೆಳುಪೊರೆಗೆ ಬರುವ ಉರಿಯೂತವೇ ಮೆನಿಂಜೈಟಿಸ್. ಬ್ಯಾಕ್ಟೀರಿಯದಿಂದ ಬಂದರೆ ಅದು ಬಹಳ ಅಪಾಯಕಾರಿ. ಜ್ವರ, ವಾಂತಿ, ಕುತ್ತಿಗೆಯ ಬಿಗಿತ, ಫಿಟ್ಸ್ ಇದರ ಲಕ್ಷಣಗಳು. ಹಸುಗೂಸು ಹಾಲು ಕುಡಿಯದೆ ಮಂಕಾಗಬಹುದು, ನೆತ್ತಿ ಉಬ್ಬಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಬದುಕಿ ಉಳಿದವರಲ್ಲೂ ಕೆಲವರು ಕಿವುಡರಾಗುವುದುಂಟು.

ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರೇ, ಸಾಲದಷ್ಟು ಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಮದ್ದಿಗೆ ಮಣಿಯದಂತಾಗುತ್ತವೆ ಎಂದು 1945ರಲ್ಲಿ ಎಚ್ಚರಿಸಿದ್ದರು. 1977ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ಮೆನಿಂಜೈಟಿಸ್ ತಗಲಿದ ಮಕ್ಕಳಲ್ಲಿ ಪೆನಿಸಿಲಿನ್ನಿಗೆ ಬಗ್ಗದ ನ್ಯೂಮೊಕಾಕಸ್ ರೋಗಾಣು ಕಂಡುಬಂತು. ರಕ್ತದಲ್ಲಿರುವ ಮದ್ದಿನ ಸ್ವಲ್ಪ ಭಾಗ ಮಾತ್ರ ಮಿದುಳಿನ ಸುತ್ತಲಿನ ದ್ರವವನ್ನು ತಲುಪುತ್ತದೆ. ಆದುದರಿಂದ ರೋಗಾಣು ತುಸು ಬಲಿತರೂ ಅಲ್ಲಿ ಚಿಕಿತ್ಸೆ ಸೋಲಬಹುದು.

ಇದಕ್ಕೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ನ್ಯೂಮೊಕಾಕಸ್ ಆರೋಗ್ಯವಂತ ಮಕ್ಕಳ ಮೂಗು, ಗಂಟಲುಗಳಲ್ಲೂ ಇರುತ್ತದೆ. ವೈರಸ್ಸಿನಿಂದ ಬರುವ ನೆಗಡಿಗೆ ಆಂಟಿಬಯೋಟಿಕ್ ಉಪಯೋಗವಿಲ್ಲ. ಆದರೂ ನುಂಗಿದರೆ ಮದ್ದಿಗೆ ಮಣಿಯುವ ರೋಗಾಣುಗಳು ಸತ್ತು, ಮಣಿಯದವು ಉಳಿದು ಬೆಳೆಯುತ್ತವೆ. ನಮ್ಮ ಕೆಮ್ಮಿನೊಂದಿಗೆ ಅವು ತೊಟ್ಟಿಲಲ್ಲಿರುವ ತಮ್ಮ ತಂಗಿಯರಿಗೆ ದಾಟಬಲ್ಲವು.

ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದಲ್ಲಿ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಆರಂಭವಾಯಿತು. ಇದು ಸ್ವಾಗತಾರ್ಹ. ಆದರೆ ಮದ್ದಿನಂಗಡಿಯವರನ್ನಷ್ಟೇ ದೂರಿ ಫಲವಿಲ್ಲ. ಚೀಟಿಯಿಲ್ಲದೆ ಮದ್ದು ಕೇಳುವವರು ನಾವೇ ಅಲ್ಲವೇ?

ರೋಗ ಬಾರದಂತೆ ತಡೆದರೆ ಮದ್ದಿನ ಚಿಂತೆಯೇ ಇಲ್ಲ. ಮೆನಿಂಜೈಟಿಸ್ ತರುವ ಹಿಬ್ ಎಂಬ ಇನ್ನೊಂದು ರೋಗಾಣುವನ್ನೂ ತಡೆಯುವ ಪೆಂಟಾವೇಲೆಂಟ್ ಲಸಿಕೆಯನ್ನು ಭಾರತದಲ್ಲಿ ಸರಕಾರವು ಮೊದಲು ಕೊಡತೊಡಗಿದ್ದು 2011ರ ಡಿಸೆಂಬರಿನಲ್ಲಿ, ಕೇರಳ ಮತ್ತು ತಮಿಳುನಾಡುಗಳಲ್ಲಿ. ನ್ಯೂಮೊಕಾಕಸ್ ಲಸಿಕೆ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಸರಕಾರಿ ಆಸ್ಪತ್ರೆಗಳಲ್ಲಿ ಎರಡೂ ಉಚಿತ.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಕೆಲಸ ಸಣ್ಣದೇನಲ್ಲ. ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡುವುದು ಬೇಡ. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ನುಂಗೋಣ. ಕಾಸರಗೋಡಿನ ನಮ್ಮ ಮನೆಗಳಲ್ಲಿ ಮಲಯಾಳದ ಸೂಚನೆಗಳು ಹಿರಿಯರಿಗೆ ತಿಳಿಯದಿದ್ದರೆ ನಾವು ಓದಿ ಹೇಳೋಣ. ಮನೆಯ ಕೂಸಿನ ಲಸಿಕೆಯ ದಿನವನ್ನು ನೆನಪಿಸೋಣ. ಕಲಿತ ವಿದ್ಯೆ ಮನೆಗೆ ಉಪಯೋಗವಾಗುವುದು ಹೀಗೆಯೇ.