ಮಗು ಎತ್ತರ ಬೆಳೆದರೆ ಸಾಕೇ?

"ಡಾಕ್ಟ್ರೇ, ಹುಡುಗ ಎತ್ತರ ಬೆಳೆಯೋಕೆ ಯಾವ ಪುಡಿ ಕೊಡಬೇಕು?" ಚಿಂತಾಮಣಿಯಾಗಲಿ, ಗೌರಿಬಿದನೂರಾಗಲಿ, ತಂದೆ ತಾಯಂದಿರು ವೈದ್ಯರನ್ನು ಕೇಳುವ ಪ್ರಶ್ನೆ ಇದು. ಟಿ.ವಿ.ಯಲ್ಲಿ ಬಾಸ್ಕೆಟ್‌ಬಾಲ್ ಆಡುವ ಆಜಾನುಬಾಹುಗಳನ್ನು ಕಂಡ ಮೇಲಂತೂ ಈ ಆಸೆ ಹೆಚ್ಚುತ್ತದೆ. ಎತ್ತರವನ್ನು ಡಬ್ಬದಲ್ಲಿ ತುಂಬಿ ಮಾರಲು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ.

ಎತ್ತರದ ಬಹುಭಾಗ ವಂಶವಾಹಿಗಳಿಂದ ಬರುತ್ತದೆ. ಒಂದು ಸರಳ ಲೆಕ್ಕವಿದೆ. ತಂದೆ ತಾಯಿಯರ ಎತ್ತರವನ್ನು ಕೂಡಿಸಿ, ಗಂಡು ಮಗುವಾದರೆ 13 ಸೆಂ.ಮೀ. ಸೇರಿಸಿ, ಹೆಣ್ಣಾದರೆ 13 ಕಳೆದು, ಬಂದದ್ದನ್ನು ಎರಡರಿಂದ ಭಾಗಿಸಿ. ತಂದೆ 168, ತಾಯಿ 152 ಇದ್ದರೆ ಮಗ ಸುಮಾರು 166, ಮಗಳು ಸುಮಾರು 153. ಎಂಟು-ಹತ್ತು ಸೆಂ.ಮೀ. ಆಚೀಚೆ ಆಗಬಹುದು. ಅದು ಆಚೆಯೋ ಈಚೆಯೋ ಎಂಬುದರಲ್ಲಿ ಮನೆಯ ಊಟ, ನಿದ್ರೆ, ಕಾಯಿಲೆಗಳ ಪಾತ್ರ ದೊಡ್ಡದು.

ಆದರೆ ಎತ್ತರವಿದ್ದವರೆಲ್ಲ ಆಟಗಾರರಾಗುವುದಿಲ್ಲ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತ ಬಲ್ಬೀರ್ ಸಿಂಗ್ ಏಳಡಿಗೂ ಎತ್ತರದ ಆಳು. ಅವರಿಗೂ ಬಾಸ್ಕೆಟ್‌ಬಾಲ್ ಆಡುವ ಆಸೆಯಿತ್ತು. ಹಿರಿಯರು ಬಿಡಲಿಲ್ಲ, ಹೊಲ ನೋಡಿಕೋ ಎಂದರು. ಅದೇ ಬಲ್ಬೀರ್ ಮಗ ಸತ್ನಾಮ್‌ನನ್ನು ಚಿಕ್ಕಂದಿನಲ್ಲೇ ಲುಧಿಯಾನದ ಅಕಾಡೆಮಿಗೆ ಸೇರಿಸಿದರು. 2015ರಲ್ಲಿ ಸತ್ನಾಮ್ ಅಮೆರಿಕದ ಎನ್.ಬಿ.ಎ. ತಂಡವೊಂದಕ್ಕೆ ಆಯ್ಕೆಯಾದ ಮೊದಲ ಭಾರತೀಯನಾದ. ಅಪ್ಪನಿಗೂ ಮಗನಿಗೂ ಎತ್ತರ ಒಂದೇ ಮನೆಯದು, ಬದಲಾದದ್ದು ಮನೆಯ ಹಿರಿಯರ ಮಾತು.

ಬಡತನವೇ ಛಲ ಹುಟ್ಟಿಸುತ್ತದೆ ಎಂಬ ಮಾತು ಸಿನಿಮಾಕ್ಕೆ ಚೆನ್ನ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕಡಿಮೆ ಆದಾಯದ ಮನೆಯ ಕರಿಯ ಹುಡುಗರಿಗೆ ಎನ್.ಬಿ.ಎ. ಸೇರುವ ಸಾಧ್ಯತೆ ಅನುಕೂಲಸ್ಥ ಕರಿಯ ಹುಡುಗರಿಗಿಂತ ಶೇ. 37ರಷ್ಟು ಕಡಿಮೆ ಎಂದು ಕಂಡುಬಂತು. ಹಸಿದ ಹೊಟ್ಟೆಯಲ್ಲಿ ಯಾರೂ ಎತ್ತರಕ್ಕೆ ಜಿಗಿಯಲಾರರು.

ಇನ್ನು ನಮ್ಮ ಕಡೆಗೆ ಬನ್ನಿ. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಹಸುವಿದೆ. ಕರೆದ ಹಾಲು ಕ್ಯಾನಿನಲ್ಲಿ ಡೇರಿಗೆ ಹೋಗುತ್ತದೆ, ಮಕ್ಕಳಿಗೆ ಕಾಫಿಗೆ ಬೆರೆಸುವಷ್ಟು ಉಳಿಯುತ್ತದೆ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯವಿದೆ ನಿಜ, ಆದರೆ ಅದು ಮನೆಯ ಲೋಟಕ್ಕೆ ಬದಲಿಯಲ್ಲ. ಹಾಲಿನ ಹಣದಿಂದಲೇ ಸಂಸಾರ ಸಾಗುವವರ ಕಷ್ಟ ಬಲ್ಲೆ. ಆದರೂ ಡಬ್ಬದ ಪುಡಿಗೆ ಕೊಡುವ ದುಡ್ಡನ್ನು ಉಳಿಸಿ ಒಂದು ಲೋಟ ಹಾಲನ್ನು ಮನೆಯಲ್ಲೇ ಇಟ್ಟುಕೊಳ್ಳಿ. ರಾಗಿಮುದ್ದೆ, ಹುರುಳಿ ಸಾರು, ಅವರೆಕಾಳು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವನ್ನು ಮೀರಿಸುವ ಪುಡಿ ನನಗಂತೂ ಗೊತ್ತಿಲ್ಲ.

ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗಳಲ್ಲಿ ಹುಳು ಜ್ವರ ಬಿಟ್ಟೆದ್ದಿತೆಂದರೆ ಮನೆಮಂದಿಗೆಲ್ಲ ನಿದ್ದೆಗೇಡು. ಸೊಪ್ಪು ಹಾಕಲು ಮಕ್ಕಳೂ ಏಳುತ್ತಾರೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ರೆಯಲ್ಲಿ ಎಂಬುದನ್ನು ನೆನಪಿಡಿ.

ನೀರಿನ ಮಾತು ಬೇರೆಯೇ ಇದೆ. ನಮ್ಮ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿ.ಗ್ರಾಂ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನು, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು. ಬಟ್ಟಲು ತುಂಬ ಹಾಲು ಕೊಟ್ಟು ಇಂಥ ನೀರು ಕುಡಿಸಿದರೆ ಏನು ಬಂತು? ಕುಡಿಯಲು, ಅಡುಗೆಗೆ ಶುದ್ಧೀಕರಣ ಘಟಕದ ನೀರನ್ನೇ ತನ್ನಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೊಂದು ತಪ್ಪು ಮಾಡುತ್ತೇವೆ. ಮೈನೆರೆದ ಕೂಡಲೇ "ಇನ್ನು ಆಟ ಸಾಕಮ್ಮ" ಎನ್ನುತ್ತೇವೆ. ವಾರಾಣಸಿಯ ಒಂದೇ ಮನೆಯ ನಾಲ್ವರು ಅಕ್ಕತಂಗಿಯರು, ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ಸಿಂಗ್, ಭಾರತ ಬಾಸ್ಕೆಟ್‌ಬಾಲ್ ತಂಡಕ್ಕೆ ಆಡಿದ್ದಾರೆ. ಪ್ರಶಾಂತಿಗೆ 2019ರಲ್ಲಿ ಪದ್ಮಶ್ರೀ ಬಂತು. ಅಕ್ಕ ಮೈದಾನಕ್ಕೆ ಹೋದರೆ ತಂಗಿಗೆ ಅನುಮತಿ ಕೇಳುವ ಕಷ್ಟವಿರುವುದಿಲ್ಲ.

ನಿಮ್ಮ ಮಗಳು ಕಬಡ್ಡಿಯೋ ವಾಲಿಬಾಲೋ ಆಡಿ ಬಂದು ಸುಸ್ತು ಎಂದರೆ ಆಟ ಬಿಡಿಸಬೇಡಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಬಿಳುಚಿದ್ದರೆ ರಕ್ತಹೀನತೆಯಿರಬಹುದು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಚೀಲದಲ್ಲೇ ಉಳಿದಿದೆಯೋ ಎಂದು ಇಂದೇ ನೋಡಿ. ಅದನ್ನು ಊಟವಾದ ಮೇಲೆ ನುಂಗಿಸಿ, ಕಾಫಿ-ಟೀ ಜೊತೆಗೆ ಮಾತ್ರ ಬೇಡ.